ಆರು ಶನಿವಾರ, ಒಂದು ಒರಳು: ಭಾವನೆ ಮತ್ತು ಕಲೆಯ ಕಾರ್ಯಾಗಾರವೊಂದರ ವಿಮರ್ಶೆ

ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಲು ತೊಡಗಿ ನನಗೆ 19 ವರ್ಷವಾಯಿತು. ಪ್ರತಿ ವರ್ಷವೂ ‘ಭಾವನೆಗಳು’ ಎಂಬ ಘಟಕ ಬಂದಾಗ ಹಲಗೆಯ ಮೇಲೆ ಒಂದು ವೃತ್ತ ಬರೆದು, ಅದನ್ನು ಆರು ಭಾಗ ಮಾಡಿ, ಸಂತೋಷ, ದುಃಖ, ಕೋಪ, ಭಯ, ಜಿಗುಪ್ಸೆ, ಅಚ್ಚರಿ ಎಂದು ತುಂಬಿಸುತ್ತೇನೆ. ವಿದ್ಯಾರ್ಥಿಗಳು ಅದನ್ನು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಅದೇ ಬರುತ್ತದೆ. ಇಷ್ಟು ವರ್ಷಗಳಲ್ಲಿ ಆ ಪಾಠ ನಡೆಯುತ್ತಿರುವಾಗ ತರಗತಿಯ ಯಾರೊಬ್ಬರ ಮುಖದಲ್ಲೂ ಆ ಆರರಲ್ಲಿ ಒಂದಾದರೂ ಮೂಡಿದ್ದನ್ನು ನಾನು ಕಂಡಿಲ್ಲ. ಹೀಗಿರುವಾಗ, ‘ಕಲೆಯ ಮೂಲಕ ಭಾವನೆಗಳನ್ನು ಅರಿಯಿರಿ, ಸಂಶೋಧನೆ ಆಧಾರಿತ ಕಾರ್ಯಾಗಾರ’ ಎಂಬ ಜಾಹೀರಾತು ಕಣ್ಣಿಗೆ ಬಿದ್ದಾಗ 7,200 ರೂಪಾಯಿ ಶುಲ್ಕ ಕಟ್ಟಿ, ಆರು ಶನಿವಾರ ತುಮಕೂರಿನಿಂದ ಬೆಂಗಳೂರಿಗೆ ರೈಲು ಹತ್ತಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆದಿಲ್ಲ. ಇಂಥ ಕಾರ್ಯಾಗಾರಗಳು ಈಗ ನಗರದಲ್ಲಿ ಹಲವು ನಡೆಯುತ್ತಿದ್ದು, ನಾನು ಹೇಳುವ ಒಳ್ಳೆಯದೂ ಕೆಟ್ಟದ್ದೂ ಒಂದೇ ಮನೆಯ ಸೊತ್ತಾಗಿರಲಾರದು.

ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ, ಕೆಂಪು ಗಾರೆ ನೆಲದ ಮನೆಯ ಮೊದಲ ಮಹಡಿಯಲ್ಲಿ ಬೆಳಿಗ್ಗೆ 10ರಿಂದ 1 ಗಂಟೆಯವರೆಗೆ ತರಗತಿ. ನಾವು 14 ಮಂದಿ ಇದ್ದೆವು: ನಾಲ್ಕೈದು ಐಟಿ ಉದ್ಯೋಗಿಗಳು, ಇಬ್ಬರು ಶಾಲಾ ಆಪ್ತಸಮಾಲೋಚಕಿಯರು, ಎಪ್ಪತ್ತರ ಆಸುಪಾಸಿನ ಒಬ್ಬ ನಿವೃತ್ತ ಶಿಕ್ಷಕಿ, ಉಳಿದವರು ಕಾಲೇಜು ವಿದ್ಯಾರ್ಥಿಗಳು. ನಡೆಸಿಕೊಟ್ಟವರು ಇಬ್ಬರು. ಒಬ್ಬರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರೆ, ಇನ್ನೊಬ್ಬರು ಚಿತ್ರಕಲೆ ಓದಿ ಬಳಿಕ ಕಲಾ ಚಿಕಿತ್ಸೆಯ ಅಲ್ಪಾವಧಿ ಕೋರ್ಸ್ ಮುಗಿಸಿದವರು. ಇದು ಚಿಕಿತ್ಸೆಯಲ್ಲ, ಕಲಿಕೆ ಮಾತ್ರ ಎಂದು ಮೊದಲ ದಿನವೇ ಬಾಯಿಬಿಟ್ಟು ಹೇಳಿದ್ದು ಅವರ ಪ್ರಾಮಾಣಿಕತೆ. ಹೇಳಿದ ಮಾತನ್ನು ಆರೂ ವಾರ ನೆನಪಿಟ್ಟುಕೊಂಡಿದ್ದರೆ ಈ ವಿಮರ್ಶೆ ಇಷ್ಟು ಉದ್ದವಾಗುತ್ತಿರಲಿಲ್ಲ.

ಮೊದಲ ಶನಿವಾರ ಕೈಗೆ ಬಂದದ್ದು ಮನುಷ್ಯಾಕೃತಿಯ ಬರಿಯ ಹೊರಗೆರೆ ಇರುವ ಐದು ಹಾಳೆಗಳು ಮತ್ತು ಒಂದು ಡಬ್ಬಿ ಮೇಣದ ಬಣ್ಣ. ಒಂದೊಂದು ಹಾಳೆಗೂ ಒಂದೊಂದು ಭಾವನೆ. ಅದು ಉಂಟಾದಾಗ ಮೈಯಲ್ಲಿ ಎಲ್ಲಿ ಬಿಸಿಯೇರುತ್ತದೋ ಅಲ್ಲಿಗೆ ಬೆಚ್ಚನೆಯ ಬಣ್ಣ, ಎಲ್ಲಿ ಶಕ್ತಿ ಉಡುಗುತ್ತದೋ ಅಲ್ಲಿಗೆ ತಣ್ಣನೆಯ ಬಣ್ಣ ತುಂಬಬೇಕು. ಇದರ ಮೂಲ ಫಿನ್‌ಲೆಂಡಿನ ಲೌರಿ ನುಮೆನ್ಮಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಫಿನ್‌ಲೆಂಡ್, ಸ್ವೀಡನ್ ಮತ್ತು ತೈವಾನಿನ 701 ಮಂದಿ ಹೀಗೆಯೇ ಬಣ್ಣ ತುಂಬಿದ್ದರು, ಮತ್ತು ಭಾಷೆ ಬೇರೆಯಾದರೂ ನಕ್ಷೆಗಳು ಬಹುಮಟ್ಟಿಗೆ ಹೊಂದಿಕೊಂಡಿದ್ದವು. ನಮ್ಮ ಕೋಣೆಯಲ್ಲಿ ಅಸೂಯೆಯ ಹಾಳೆ ಬಂದಾಗ ಹೆಚ್ಚಿನವರ ಕೈ ನೇರವಾಗಿ ಹೊಟ್ಟೆಗೇ ಹೋಯಿತು. ‘ಹೊಟ್ಟೆಕಿಚ್ಚು’ ಎನ್ನುವ ಭಾಷೆಯಲ್ಲಿ ಬೆಳೆದವರು ಬೇರೆಲ್ಲಿಗೆ ಬಣ್ಣ ಹಚ್ಚಿಯಾರು? ಕರುಳು ಚುರುಕ್ ಎನ್ನುವುದು, ಎದೆ ಝಲ್ ಎನ್ನುವುದು, ಮೈ ಉರಿಯುವುದು, ಕೈಕಾಲು ತಣ್ಣಗಾಗುವುದು, ಹೀಗೆ ಕನ್ನಡದ ಭಾವಕೋಶದ ಅರ್ಧ ಪಾಲು ದೇಹದ ಮೇಲೆಯೇ ಬರೆದಿದೆ. ಭಾಷೆ ಕಲಿಸಿದ್ದರಿಂದ ಹೊಟ್ಟೆ ಉರಿಯಿತೋ, ಹೊಟ್ಟೆ ಉರಿದದ್ದರಿಂದ ಭಾಷೆ ಹುಟ್ಟಿತೋ ಎಂಬ ಪ್ರಶ್ನೆ 14 ಹಾಳೆಗಳಿಂದ ಬಗೆಹರಿಯುವಂಥದ್ದಲ್ಲ. ಆದರೆ ಆ ಪ್ರಶ್ನೆಯನ್ನು ಎತ್ತುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. ಯಾರೂ ಎತ್ತಲಿಲ್ಲ, ಹಾಳೆಗಳನ್ನು ಒಟ್ಟುಮಾಡಿ, ಫೋಟೊ ತೆಗೆದು, ಚಹಾಕ್ಕೆ ಬಿಟ್ಟರು. ಆದರೂ ಈ ಒಂದು ಅಭ್ಯಾಸವನ್ನು ನಾನು ಈಗಾಗಲೇ ನನ್ನ ತರಗತಿಗೆ ತಂದುಕೊಂಡಿದ್ದೇನೆ.

ಎರಡನೆಯ ವಾರದ ಮಂಡಲ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಚ್ಚುಹಾಕಿದ ವೃತ್ತಾಕಾರದ ವಿನ್ಯಾಸಕ್ಕೆ ಬಣ್ಣ ತುಂಬುವುದು ಹಿತವಾಗಿಯೇ ಇತ್ತು. ‘ಮಂಡಲದಲ್ಲಿ ಪ್ರಾಚೀನ ಶಕ್ತಿ ಇದೆ’ ಎಂದು ವಿವರಿಸಿದ್ದು ಮಾತ್ರ ಅವರೇ ಉಲ್ಲೇಖಿಸಿದ ಸಂಶೋಧನೆಗೆ ವಿರುದ್ಧವಾಗಿತ್ತು. 2005ರಲ್ಲಿ ನ್ಯಾನ್ಸಿ ಕರಿ ಮತ್ತು ಟಿಮ್ ಕ್ಯಾಸರ್ 84 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಮಂಡಲ, ಇನ್ನೊಂದಕ್ಕೆ ಚೌಕಳಿ ವಿನ್ಯಾಸ, ಮತ್ತೊಂದಕ್ಕೆ ಖಾಲಿ ಹಾಳೆ ಕೊಟ್ಟಿದ್ದರು. ಆತಂಕ ಇಳಿಸುವುದರಲ್ಲಿ ಮಂಡಲವೂ ಚೌಕಳಿಯೂ ಸರಿಸಮವಾಗಿದ್ದವು, ಹಿಂದೆ ಬಿದ್ದದ್ದು ಖಾಲಿ ಹಾಳೆ. ಅಂದರೆ ಕೆಲಸ ಮಾಡಿದ್ದು ವೃತ್ತದ ಮಹಿಮೆಯಲ್ಲ, ಕಣ್ಣನ್ನೂ ಕೈಯನ್ನೂ ಹಿಡಿದಿಡುವಷ್ಟು ಜಟಿಲವಾದ, ದಾರಿ ತಪ್ಪದಷ್ಟು ಕಟ್ಟಳೆಯುಳ್ಳ ಒಂದು ವಿನ್ಯಾಸ. ಅದೇ ಮನೆಯ ಬಾಗಿಲಲ್ಲಿ, ಕೆಲಸಕ್ಕೆ ಬರುವ ಹೆಣ್ಣುಮಗಳು 15 ಚುಕ್ಕಿಯಿಂದ ಶುರುವಾಗಿ 8ಕ್ಕೆ ನಿಲ್ಲುವ ಚುಕ್ಕಿ ರಂಗೋಲಿಯನ್ನು ಒಂದು ಗೆರೆಯೂ ಅಳಿಸದೆ ಹಾಕಿಟ್ಟಿದ್ದರು. ಅದನ್ನು ದಾಟಿ ಒಳಗೆ ಬಂದ ನಾವು ವಿದೇಶಿ ಪುಸ್ತಕದಿಂದ ತೆಗೆದ ಮಂಡಲದ ಜೆರಾಕ್ಸ್ ಪ್ರತಿಗೆ ಬಣ್ಣ ತುಂಬಿದೆವು.

ಸಂಗೀತದ ವಾರ ಹೆಚ್ಚು ಸಿದ್ಧತೆಯಿಂದ ಕೂಡಿತ್ತು. ಸಾಹಿತ್ಯವಿಲ್ಲದೆ, ವೀಣೆಯಲ್ಲಿ ನುಡಿಸಿದ ನಾಲ್ಕು ರಾಗಗಳ ತುಣುಕುಗಳನ್ನು ಹೆಸರು ಹೇಳದೆ ಕೇಳಿಸಿದರು. ಶುಭಪಂತುವರಾಳಿ, ಅಠಾಣ, ಮೋಹನ, ನೀಲಾಂಬರಿ ಎಂದು ಆಮೇಲೆ ತಿಳಿಯಿತು. ಪ್ರತಿಯೊಂದರ ಮುಂದೆಯೂ ‘ಈ ರಾಗದ ಭಾವನೆ ಯಾವುದು?’ ಎಂಬ ಒಂದೇ ಪ್ರಶ್ನೆ. ಶುಭಪಂತುವರಾಳಿಗೆ ಬಹುತೇಕ ಎಲ್ಲರೂ ದುಃಖ ಎಂದು ಬರೆದರು. ನಿವೃತ್ತ ಶಿಕ್ಷಕಿ ಮಾತ್ರ ‘ಭಯ’ ಎಂದು ಬರೆದಿದ್ದರು. ಕಾರಣ ಕೇಳಿದಾಗ, 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡ ದಿನಗಳಲ್ಲಿ ರೇಡಿಯೊ ಹಚ್ಚಿದಾಗಲೆಲ್ಲ ಇಂಥದೇ ಶೋಕವಾದ್ಯ ಬರುತ್ತಿತ್ತೆಂದೂ, ಅಂದಿನಿಂದ ಇಂಥ ನಾದ ಕಿವಿಗೆ ಬಿದ್ದರೆ ಏನೋ ಆಗಬಾರದ್ದು ಆಗಿದೆ ಎಂದು ಎದೆ ಹೊಡೆದುಕೊಳ್ಳುತ್ತದೆಂದೂ ಹೇಳಿದರು. ಸ್ವೀಡನ್ನಿನ ಪ್ಯಾಟ್ರಿಕ್ ಜುಸ್ಲಿನ್ ಮತ್ತು ಡ್ಯಾನಿಯಲ್ ವೆಸ್ಟ್‌ಫ್ಯೆಲ್ 2008ರಲ್ಲಿ, ಸಂಗೀತ ನಮ್ಮಲ್ಲಿ ಭಾವನೆ ಹುಟ್ಟಿಸುವ ಆರು ಬಗೆಗಳನ್ನು ವಿಂಗಡಿಸಿದ್ದರು. ಥಟ್ಟನೆ ಬೆಚ್ಚಿಬೀಳುವುದರಿಂದ ಹಿಡಿದು ಮುಂದಿನ ಸ್ವರದ ನಿರೀಕ್ಷೆಯವರೆಗೆ ಇರುವ ಆ ಆರರಲ್ಲಿ, ಮತ್ತೆಮತ್ತೆ ಜತೆಗೂಡಿ ಬಂದದ್ದರಿಂದ ಬೆಸೆದುಕೊಂಡ ಭಾವ ಒಂದಾದರೆ, ನಿರ್ದಿಷ್ಟ ಘಟನೆಯ ನೆನಪು ಇನ್ನೊಂದು. ಆ ತಾಯಿಯ ಒಂದು ವಾಕ್ಯದಲ್ಲಿ ಎರಡೂ ಇದ್ದವು.

ಇಲ್ಲಿ ಪ್ರಶ್ನೆಯೇ ತಪ್ಪಾಗಿತ್ತು ಎಂಬುದು ನನ್ನ ಆಕ್ಷೇಪ. ಒಂದು ಸಂಗೀತ ದುಃಖವನ್ನು ಸೂಚಿಸುತ್ತಿದೆ ಎಂದು ಗುರುತಿಸುವುದು ಬೇರೆ, ಅದನ್ನು ಕೇಳಿ ದುಃಖಪಡುವುದು ಬೇರೆ. ಸಂಗೀತ ಮನಶ್ಶಾಸ್ತ್ರದಲ್ಲಿ ಆಲ್ಫ್ ಗೇಬ್ರಿಯೆಲ್ಸನ್ ಅವರಂಥವರು ಈ ವ್ಯತ್ಯಾಸವನ್ನು ಒತ್ತಿ ಹೇಳಿದ್ದಾರೆ. ಪಾತ್ರದ ಶೋಕ ಭಾವ, ಅದನ್ನು ಸವಿಯುವ ಸಹೃದಯನಲ್ಲಿ ಮೂಡುವುದು ಕರುಣ ರಸ ಎಂದು ಬೇರ್ಪಡಿಸಿದ ಪರಂಪರೆಯಲ್ಲಿ ಕುಳಿತು ಆ ಎರಡನ್ನೂ ಒಂದೇ ಗೆರೆಯಲ್ಲಿ ಕೇಳುವುದು ಸಣ್ಣ ತಪ್ಪಲ್ಲ. ಗುರುತಿಸುವುದಕ್ಕೆ ಪರಿಚಯ ಬೇಕೇಬೇಕೆಂದಿಲ್ಲ. ಲಾರಾ-ಲೀ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಂಪ್ಸನ್ 1999ರಲ್ಲಿ ಹಿಂದೂಸ್ತಾನಿ ರಾಗಗಳ ತುಣುಕುಗಳನ್ನು ಆ ಸಂಗೀತದ ಗಂಧವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿದಾಗ, ಅವರು ಲಯದ ವೇಗ, ರಾಗದ ಸಂಕೀರ್ಣತೆಗಳನ್ನು ಆಧರಿಸಿ ಸಂತೋಷ, ದುಃಖ ಮತ್ತು ಕೋಪವನ್ನು ಸರಿಯಾಗಿಯೇ ಗುರುತಿಸಿದ್ದರು. ಶಾಂತಿಯ ವಿಷಯದಲ್ಲಿ ಮಾತ್ರ ಅಷ್ಟು ಖಚಿತವಾಗಿರಲಿಲ್ಲ. ಕೊನೆಗೆ ‘ಯಾವ ರಾಗ ಯಾವ ರಕ್ತದೊತ್ತಡಕ್ಕೆ’ ಎಂಬ ಧಾಟಿಯ ಒಂದು ಪಟ್ಟಿಯನ್ನು ಹಂಚಿದರು. ಅದನ್ನು ನಾನು ರೈಲಿನಲ್ಲಿ ಕಡಲೆಕಾಯಿ ಸಿಪ್ಪೆ ಹಾಕಲು ಬಳಸಿದೆ.

ನಾಲ್ಕನೆಯ ಶನಿವಾರಕ್ಕಾಗಿಯೇ ಈ ಕಾರ್ಯಾಗಾರಕ್ಕೆ ಹೋಗಬಹುದು. ಆ ದಿನ ಅತಿಥಿಯಾಗಿ ಬಂದವರು ಕುಂದಾಪುರದ ಕಡೆಯ, ಬಡಗುತಿಟ್ಟಿನ ಹಿರಿಯ ಯಕ್ಷಗಾನ ವೇಷಧಾರಿ. ವೇಷವಿಲ್ಲ, ಗೆಜ್ಜೆಯಿಲ್ಲ, ತಿಳಿನೀಲಿ ಅಂಗಿ ತೊಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಯಾರಾದರೂ ಕೋಪ ಮಾಡಿ ತೋರಿಸಿ ಎಂದರು. ಐಟಿಯ ತರುಣನೊಬ್ಬ ಎದ್ದು ಕಣ್ಣು ಹಿಗ್ಗಿಸಿ ಹಲ್ಲು ಕಡಿದ. “ನೀವು ಕೋಪದ ಚಿತ್ರ ತೋರಿಸಿದಿರಿ, ಕೋಪ ಬರಲಿಲ್ಲ ಮರಾಯ್ರೆ. ಮುಖ ಆಮೇಲೆ ಬರ್ತದೆ. ಮೊದಲು ಉಸಿರು ಎಲ್ಲಿ ನಿಲ್ತದೆ ನೋಡಿ,” ಎಂದು ಅವರು ಕೈಗಳೆರಡನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು. ಮೂಗಿನ ಹೊಳ್ಳೆ ಅರಳಿತು, ಉಸಿರು ಗಿಡ್ಡವಾಗಿ ಬಿರುಸಾಗಿ ಎದೆಯ ಮೇಲ್ಭಾಗದಲ್ಲೇ ಆಡತೊಡಗಿತು, ಕುತ್ತಿಗೆಯ ನರ ಎದ್ದಿತು. ಹುಬ್ಬು ಗಂಟಾದದ್ದು ಎಲ್ಲಕ್ಕಿಂತ ಕೊನೆಗೆ. ಮುಂದಿನ ಸಾಲಿನಲ್ಲಿದ್ದ ಹುಡುಗಿ ತನಗರಿವಿಲ್ಲದೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ಆಮೇಲೆ ಅದೇ ಕುರ್ಚಿಯಲ್ಲಿ, ಏಳದೆ, ಉಸಿರನ್ನು ತುಂಡುತುಂಡಾಗಿ ಒಳಗೆಳೆದು ಬಾಯಿಯಿಂದ ಉದ್ದಕ್ಕೆ ಬಿಟ್ಟರು. ಭುಜ ತಾನಾಗಿ ಇಳಿಯಿತು. ಯಾವ ಪ್ರಸಂಗ, ಯಾವ ಪಾತ್ರ ಎಂದು ಅವರು ಹೇಳಿರಲಿಲ್ಲ. ಆದರೂ ಕೋಣೆಯಲ್ಲಿ ಫ್ಯಾನಿನ ಸದ್ದಷ್ಟೇ ಉಳಿದಿತ್ತು.

ಚಿಲಿ ದೇಶದ ನರವಿಜ್ಞಾನಿ ಸುಸಾನಾ ಬ್ಲಾಕ್ 1970ರ ದಶಕದಲ್ಲಿ ರಂಗಕರ್ಮಿಯೊಬ್ಬರ ಜತೆಗೂಡಿ ಮಾಡಲು ತೊಡಗಿದ ಕೆಲಸ ಇದಕ್ಕೆ ಬಹಳ ಹತ್ತಿರದ್ದು. ಪ್ರತಿಯೊಂದು ಮೂಲಭಾವಕ್ಕೂ ತನ್ನದೇ ಆದ ಉಸಿರಿನ ಗತಿ, ಮೈಯ ಭಂಗಿ, ಮುಖದ ಬಿಗಿತ ಇದೆಯೆಂದೂ, ನಟ ಅವನ್ನು ಹೊರಗಿನಿಂದ ತಂದುಕೊಂಡರೆ ಭಾವ ಒಳಗಿನಿಂದ ಹಿಂಬಾಲಿಸುತ್ತದೆಯೆಂದೂ ಅವರು ತೋರಿಸಲು ಯತ್ನಿಸಿದ್ದರು. ದುಃಖಕ್ಕೆ ಅವರು ದಾಖಲಿಸಿದ ಉಸಿರಿನ ಕ್ರಮವೂ ತುಂಡುತುಂಡಾಗಿ ಒಳಗೆಳೆದು ನಿಟ್ಟುಸಿರಾಗಿ ಬಿಡುವುದೇ. ಇನ್ನು ಭರತನ ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳನ್ನು, ಅಂದರೆ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯಗಳನ್ನು ಸಾಲಾಗಿ ಓದಿದರೆ, ಬೆವರು, ನಡುಕ, ಬಣ್ಣಗೆಡುವುದು, ಮೈನವಿರೇಳುವುದು ಎಂದು ಸ್ವಯಂಚಾಲಿತ ನರಮಂಡಲದ ಪಾಠದ ಪಟ್ಟಿಯಂತೆಯೇ ಕಾಣುತ್ತದೆ. ನನ್ನ ವೃತ್ತದ ಆರು ಭಾಗಗಳ ಪಕ್ಕದಲ್ಲಿ ಈ ಎಂಟನ್ನು ಇಟ್ಟು ಪಾಠ ಮಾಡಬಹುದೆಂದು 19 ವರ್ಷ ನನಗೆ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಅಭಿನಯದ ಭಾಷೆ ಪರಿಚಯ ಇದ್ದವರಿಗೆ ಮಾತ್ರ ತಿಳಿಯುತ್ತದೆಯೇ ಎಂಬ ಚರ್ಚೆ ಅಂದು ಎದ್ದಿತು. ಇದಕ್ಕೆ ಉತ್ತರವಾಗಬಲ್ಲ ಒಳ್ಳೆಯ ಅಧ್ಯಯನ 2000ದಲ್ಲೇ ಬಂದಿದೆ. ಅಹಲ್ಯಾ ಹೆಜ್ಮಾಡಿ, ರಿಚರ್ಡ್ ಡೇವಿಡ್‌ಸನ್ ಮತ್ತು ಪಾಲ್ ರೋಜಿನ್ ಅವರು ನಾಟ್ಯಶಾಸ್ತ್ರದ ಒಂಬತ್ತು ಭಾವಗಳ ಜತೆಗೆ ಲಜ್ಜೆಯನ್ನೂ ಸೇರಿಸಿ ಹತ್ತು ಭಾವಗಳ ಅಭಿನಯವನ್ನು ವಿಡಿಯೊ ಮಾಡಿ, ಭಾರತದ ಮತ್ತು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ಆ ಹತ್ತರ ಜತೆಗೆ ‘ಯಾವ ಭಾವವೂ ಇಲ್ಲ’ ಎಂಬುದೂ ಇದ್ದ ಪಟ್ಟಿಯಿಂದ ಆರಿಸಿ ಹೇಳಿ ಎಂದಾಗ ಶೇ 65ರಷ್ಟು ಉತ್ತರಗಳು ಸರಿಯಿದ್ದವು. ಕಣ್ಣು ಮುಚ್ಚಿ ಊಹಿಸಿದ್ದರೆ ಶೇ 9ರಷ್ಟು ಸರಿಯಾಗುತ್ತಿದ್ದವು. ಪಟ್ಟಿಯೇ ಕೊಡದೆ ಸ್ವಂತ ಮಾತಿನಲ್ಲಿ ಹೇಳಿ ಎಂದಾಗಲೂ ಶೇ 61ರಷ್ಟು ಸರಿ. ಮನಶ್ಶಾಸ್ತ್ರ ಬಹುಕಾಲ ಅಲುಗಾಡದ ಮುಖಗಳ ಫೋಟೊಗಳನ್ನೇ ನೆಚ್ಚಿಕೊಂಡಿತ್ತು, ಅದೂ ಆರೇ ಭಾವನೆಗಳಿಗೆ. ಇಲ್ಲಿ ಕೈ, ಕತ್ತು, ಮೈ ಎಲ್ಲವೂ ಕಾಲದಲ್ಲಿ ಚಲಿಸುತ್ತಿದ್ದುದರಿಂದ ವೀರ, ಶಾಂತ, ಲಜ್ಜೆಗಳಂಥವೂ ಪರೀಕ್ಷೆಯ ಒಳಗೆ ಬಂದವು. ಈ ಅಧ್ಯಯನ ಕಾರ್ಯಾಗಾರದ ಕೈಪಿಡಿಯಲ್ಲಿ ಇರಲಿಲ್ಲ, ಇರಬೇಕಿತ್ತು. ಅತಿಥಿಯವರು ಹೊರಡುವ ಮುನ್ನ ತಾಳಮದ್ದಳೆಯ ಮಾತೆತ್ತಿ, ಅಲ್ಲಿ ವೇಷವೂ ಕುಣಿತವೂ ಇಲ್ಲದೆ ಕೂತಲ್ಲಿಂದಲೇ ಅರ್ಥ ಹೇಳಿ ಅಳಿಸಬೇಕಾಗುತ್ತದೆ, ಅದರ ಬಗ್ಗೆ ಯಾರಾದರೂ ಸಂಶೋಧನೆ ಮಾಡಿದ್ದಾರೆಯೇ ಎಂದು ಕೇಳಿದರು. ನಿರ್ವಾಹಕಿ ಬರೆದುಕೊಂಡರು.

ಐದನೆಯ ವಾರದ ಬರವಣಿಗೆಯ ತರಗತಿ ನನ್ನ ದೃಷ್ಟಿಯಲ್ಲಿ ಇಡೀ ಕಾರ್ಯಾಗಾರದ ಅತ್ಯಂತ ದುರ್ಬಲ ಭಾಗ, ಮತ್ತು ಸ್ವಲ್ಪ ಅಪಾಯದ ಭಾಗ. ಕೈಗೆ ಕೊಟ್ಟ ಸೂಚನೆ ‘ನಿಮ್ಮ ಆಳವಾದ ಭಾವನೆಗಳೊಂದಿಗೆ ಸಂಪರ್ಕ ಸಾಧಿಸಿ’ ಎಂದಿತ್ತು. ಇದು ಯಾವ ಕನ್ನಡವೋ ಗೊತ್ತಿಲ್ಲ. ‘ಮನಸ್ಸಿಗೆ ಹಚ್ಚಿಕೊಂಡ ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಬರೆಯಿರಿ’ ಎಂದಿದ್ದರೆ ಆಗುತ್ತಿತ್ತು. 20 ನಿಮಿಷ ಬರೆಸಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಓದಿ ಎಂದರು. ಈ ಪದ್ಧತಿಯ ಮೂಲಪುರುಷ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಸಾಂಡ್ರಾ ಬೀಲ್ ಜತೆ ಪ್ರಕಟಿಸಿದ ಪ್ರಯೋಗದಲ್ಲಿ 46 ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ಯಾರೂ ಯಾರ ಮುಂದೆಯೂ ಓದಿರಲಿಲ್ಲ. ನಡೆದದ್ದನ್ನೂ ಅದರಿಂದ ಆದ ನೋವನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಬರೆದ ಕೂಡಲೇ ಅವರ ಮನಸ್ಸು ಮೊದಲಿಗಿಂತ ಕುಗ್ಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಆ ನಂತರ ಬಂದ 146 ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ತೂಗಿ ನೋಡಿದ ಜೋವಾನ್ ಫ್ರಾಟರೊಲಿ ಅವರಿಗೆ ಸಿಕ್ಕ ಸರಾಸರಿ ಪ್ರಯೋಜನ ನಿಜವಾದದ್ದು, ಆದರೆ ಸಣ್ಣದು.

ಒಬ್ಬ ವಿದ್ಯಾರ್ಥಿ ಹಾಳೆ ಹಿಡಿದು ನಿಂತವನು ಬಹಳ ಹೊತ್ತು ಓದಲಿಲ್ಲ. “ಇದು ಸೇಫ್ ಜಾಗ, ಓದಿ, ಪರವಾಗಿಲ್ಲ,” ಎಂದರು ನಿರ್ವಾಹಕರು. ಹದಿಮೂರು ಜನ ಅಪರಿಚಿತರು ನೋಡುತ್ತ ಕೂತಿರುವ ಜಾಗವನ್ನು ಹಾಗೆ ಕರೆದ ಮಾತ್ರಕ್ಕೆ ಅದು ಹಾಗಾಗುವುದಿಲ್ಲ. ಅವನು ಓದಿದ. ಏನು ಓದಿದ ಎಂಬುದು ಇಲ್ಲಿಗೆ ಬೇಡ. ಮುಂದಿನ ಶನಿವಾರ ಅವನು ಬರಲಿಲ್ಲ. ಅದಕ್ಕೆ ಇದೇ ಕಾರಣವೆಂದು ನಾನು ಹೇಳಲಾರೆ, ಆದರೆ ಯಾರೂ ಫೋನ್ ಮಾಡಿ ವಿಚಾರಿಸಿರಲಿಲ್ಲ ಎಂಬುದು ಕೇಳಿ ತಿಳಿಯಿತು. ನೋವಿನ ಸಂಗತಿಗಳನ್ನು ಕೆದಕುವ ಯಾವುದೇ ಕಾರ್ಯಕ್ರಮ, ಆಮೇಲೆ ಯಾರಲ್ಲಿಗೆ ಹೋಗಬೇಕು ಎಂಬ ವಿವರವನ್ನು ಮೊದಲ ದಿನವೇ ಕೊಡಬೇಕು. ಸರಕಾರದ ಟೆಲಿ ಮನಸ್ ಸಹಾಯವಾಣಿ 14416 ಎಂಬ ಸಂಖ್ಯೆಯನ್ನು ಗೋಡೆಗೆ ಅಂಟಿಸಲು ಖರ್ಚೇನೂ ಇಲ್ಲ. ನಿಮ್ಹಾನ್ಸ್ ಇರುವ ಊರಿನಲ್ಲಿ ಇಷ್ಟು ಮಾಡದಿರುವುದಕ್ಕೆ ಸಬೂಬು ಹೇಳಲಾಗದು.

ಕೊನೆಯ ಶನಿವಾರ ಮಣ್ಣಿನ ಕೆಲಸ. ಗಣೇಶನ ಮೂರ್ತಿಗೆ ಬಳಸುವ ಜೇಡಿಮಣ್ಣನ್ನು ಹದವಾಗಿ ಕಲಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದಿದ್ದರು. ತಲೆಗೊಂದು ತೆಂಗಿನಕಾಯಿ ಗಾತ್ರದ ಮುದ್ದೆ. ಕಣ್ಣುಮುಚ್ಚಿ ಹತ್ತು ನಿಮಿಷ ನಾದಿ, ಆಮೇಲೆ ಕೈ ಹೇಳಿದ್ದನ್ನು ಮಾಡಿ ಎಂದರು. ಮಾತಿಗೆ ಸಿಕ್ಕದ್ದು ಕೈಗೆ ಸಿಗುತ್ತದೆ ಎಂಬುದನ್ನು ಇಷ್ಟು ದಿನ ನಾನು ಪಾಠದ ವಾಕ್ಯವಾಗಿ ಓದಿದ್ದೆ. ಅಂದು ಮುಕ್ಕಾಲು ಗಂಟೆ ಯಾರೂ ಗಡಿಯಾರ ನೋಡಲಿಲ್ಲ, ಒಂದು ಫೋನೂ ಹೊರಗೆ ಬರಲಿಲ್ಲ. ನಿವೃತ್ತ ಶಿಕ್ಷಕಿ ಮುದ್ದೆಯ ನಡುವೆ ಹೆಬ್ಬೆರಳೂರಿ, ತಿರುಗಿಸುತ್ತ ತಿರುಗಿಸುತ್ತ ಒಂದು ಗುಂಡನೆಯ ಗುಳಿ ಮಾಡಿದರು. ಅಂಚನ್ನು ಒದ್ದೆ ಬೆರಳಿಂದ ಸವರಿ ನುಣುಪು ಮಾಡಿದರು. ಚಿತ್ರಕಲೆ ಓದಿದ ನಿರ್ವಾಹಕರು ಬಗ್ಗಿ ನೋಡಿದರು.

“ಈ ಟೊಳ್ಳು ನಿಮ್ಮೊಳಗಿನ ಖಾಲಿತನ ಅನ್ನಿಸ್ತಾ ಇದೆಯಾ ಅಮ್ಮ?”

“ಇದು ಒರಳು ಕಣಪ್ಪ.”

“ಗರ್ಭದ ಸಂಕೇತವೂ ಇರಬಹುದು. ಯೋಚನೆ ಮಾಡಿ.”

ಆಕೆ ಯೋಚನೆ ಮಾಡಲಿಲ್ಲ. ಮಿಕ್ಕ ಮಣ್ಣಿನಲ್ಲಿ ಗುಂಡುಕಲ್ಲು ಮಾಡತೊಡಗಿದರು. ಚಹಾದ ಹೊತ್ತಿನಲ್ಲಿ ನಾನು, ಒರಳೇ ಯಾಕೆ ಅಮ್ಮ ಎಂದು ಕೇಳಿದೆ. “ನಮ್ಮದು ತುಂಬಿದ ಮನೆ, ಹದಿನೇಳು ಜನ. ದಿನಾ ಸಾಯಂಕಾಲ ಹಿಟ್ಟು ರುಬ್ಬೋಕೆ ಕೂತರೆ ಒಂದು ಗಂಟೆ ಯಾರೂ ನನ್ನ ಕರೀತಿರಲಿಲ್ಲ. ಕೈ ತಿರುಗ್ತಾ ಇರೋದು, ಮನಸ್ಸು ಎಲ್ಲೆಲ್ಲೋ ಹೋಗಿ ಬರೋದು. ಗ್ರೈಂಡರ್ ಬಂದ ಮೇಲೆ ಆ ಒಂದು ಗಂಟೆನೂ ಹೋಯ್ತು,” ಎಂದರು. ಖಾಲಿತನವೂ ಅಲ್ಲ, ಗರ್ಭವೂ ಅಲ್ಲ, ತನ್ನದೇ ಎನ್ನಬಹುದಾಗಿದ್ದ ಒಂದು ಗಂಟೆ. ಅದು ಆ ಮಣ್ಣಿನಲ್ಲಿ ಇತ್ತು, ಆದರೆ ಮಣ್ಣನ್ನು ನೋಡಿ ಅದನ್ನು ಹೇಳಲು ಸಾಧ್ಯವಿರಲಿಲ್ಲ. ಕೇಳಬೇಕಿತ್ತು.

ಚಿತ್ರ ನೋಡಿ ಮನಸ್ಸು ಓದುವ ಹಂಬಲ ನಮ್ಮ ಶಾಸ್ತ್ರಕ್ಕೆ ಹಳೆಯದು. 1948ರಲ್ಲಿ ಜಾನ್ ಬಕ್ ಮನೆ, ಮರ, ಮನುಷ್ಯ ಬಿಡಿಸುವ ಪರೀಕ್ಷೆಯನ್ನೂ, 1949ರಲ್ಲಿ ಕ್ಯಾರೆನ್ ಮ್ಯಾಕೋವರ್ ಮನುಷ್ಯಚಿತ್ರದ ವಿಶ್ಲೇಷಣೆಯನ್ನೂ ಮುಂದಿಟ್ಟರು. ದೊಡ್ಡ ಕಣ್ಣು ಬರೆದರೆ ಸಂಶಯಬುದ್ಧಿ ಎಂಬಂಥ ತೀರ್ಮಾನಗಳು ಬಹುಕಾಲ ಚಲಾವಣೆಯಲ್ಲಿದ್ದವು. ಸ್ಕಾಟ್ ಲಿಲಿಯೆನ್‌ಫೆಲ್ಡ್, ಜೇಮ್ಸ್ ವುಡ್ ಮತ್ತು ಹೋವರ್ಡ್ ಗಾರ್ಬ್ 2000ದಲ್ಲಿ ಇಂಥ ಪರೀಕ್ಷೆಗಳ ಪುರಾವೆಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಚಿತ್ರದ ಒಂದು ಲಕ್ಷಣದಿಂದ ವ್ಯಕ್ತಿಯ ಒಂದು ಗುಣವನ್ನು ಊಹಿಸುವ ಪದ್ಧತಿಗೆ ಆಧಾರ ತೀರಾ ತೆಳುವೆಂದು ಕಂಡುಬಂತು. ಕಲಾ ಚಿಕಿತ್ಸೆಯ ಮೊದಲಿಗರಲ್ಲಿ ಒಬ್ಬರಾದ ಮಾರ್ಗರೆಟ್ ನಾಂಬರ್ಗ್ ಕೂಡ ಚಿತ್ರದ ಅರ್ಥವನ್ನು ಬಿಡಿಸಿದವರ ಬಾಯಿಂದಲೇ ಹೊರಡಿಸಲು ಯತ್ನಿಸುತ್ತಿದ್ದರು. ಇನ್ನೊಂದು ಮಾತು: ಎಲ್ಲ ಕಲೆಯೂ ನೋವನ್ನು ಹೊರಹಾಕಬೇಕೆಂಬ ನಂಬಿಕೆಯೇ ಪ್ರಶ್ನಾರ್ಹ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನರ್ ಅವರ 2012ರ ಪ್ರಯೋಗಗಳಲ್ಲಿ, ಮನಸ್ಸು ಭಾರವಾದ ಮೇಲೆ ಅದೇ ನೋವನ್ನು ಚಿತ್ರಿಸಿದವರಿಗಿಂತ ಬೇರೇನನ್ನೋ ಚಿತ್ರಿಸಿದವರ ಮನಸ್ಸು ಹೆಚ್ಚು ಹಗುರಾಗಿತ್ತು. ಒರಳಿನ ಮುಂದೆ ಕೂತವರಿಗೆ ಇದು ಹೊಸ ಸುದ್ದಿಯಲ್ಲ.

ಇನ್ನು ‘ಸಂಶೋಧನೆ ಆಧಾರಿತ’ ಎಂಬ ಹಣೆಪಟ್ಟಿ. ಜಾಹೀರಾತಿನಲ್ಲಿ ‘45 ನಿಮಿಷದ ಕಲೆಯಿಂದ ಒತ್ತಡ ಶೇ 75ರಷ್ಟು ಇಳಿಕೆ’ ಎಂದು ದಪ್ಪಕ್ಷರದಲ್ಲಿತ್ತು. ಇದು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರ 2016ರ ಅಧ್ಯಯನದ ತಪ್ಪು ಓದು. ಅಲ್ಲಿ 39 ಮಂದಿ ಮುಕ್ಕಾಲು ಗಂಟೆ ಬಣ್ಣ, ಮಣ್ಣು, ಕೊಲಾಜ್‌ಗಳಲ್ಲಿ ತೊಡಗಿದ ಮೇಲೆ ಸುಮಾರು ಶೇ 75 ಮಂದಿಯಲ್ಲಿ ಲಾಲಾರಸದ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನಿನ ಪ್ರಮಾಣ ಇಳಿದಿತ್ತು. ಇಳಿದದ್ದು ಶೇ 75 ಜನರಲ್ಲಿ, ಒತ್ತಡ ಶೇ 75ರಷ್ಟು ಅಲ್ಲ. ಹೋಲಿಸಿ ನೋಡಲು ಕಲೆಯಲ್ಲಿ ತೊಡಗದ ಗುಂಪು ಇರಲಿಲ್ಲ, ಕಾರ್ಟಿಸೋಲ್ ಆದರೋ ಹೊತ್ತೇರಿದಂತೆ ತಾನಾಗಿಯೂ ಇಳಿಯುತ್ತದೆ. ಅದೇ ಅಧ್ಯಯನದ ಒಳ್ಳೆಯ ಅಂಶವೊಂದನ್ನು, ಅಂದರೆ ಚಿತ್ರ ಬರೆದು ರೂಢಿ ಇದ್ದವರಿಗೂ ಇಲ್ಲದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸವಿರಲಿಲ್ಲ ಎಂಬುದನ್ನು, ಜಾಹೀರಾತು ಬಿಟ್ಟುಬಿಟ್ಟಿತ್ತು. ‘ನನಗೆ ಚಿತ್ರ ಬರುವುದಿಲ್ಲ’ ಎಂದು ಹಿಂಜರಿಯುವ ನಮ್ಮಂಥವರಿಗೆ ಬೇಕಿದ್ದುದು ಅದೇ.

ಪ್ರತಿ ತರಗತಿಯ ಮೊದಲೂ ಕೊನೆಗೂ ಒಂದು ನಮೂನೆ ತುಂಬಿಸುತ್ತಿದ್ದರು. ಡೇವಿಡ್ ವಾಟ್ಸನ್ ಮತ್ತು ಇತರರು 1988ರಲ್ಲಿ ರೂಪಿಸಿದ, ಹತ್ತು ಹಿತದ ಮತ್ತು ಹತ್ತು ಅಹಿತದ ಭಾವಪದಗಳ ಪ್ರಸಿದ್ಧ ಅಳತೆಪಟ್ಟಿಯ ಕನ್ನಡ ರೂಪ ಅದು. ‘ಯಾತನೆಗೊಳಗಾದ’, ‘ಪ್ರೇರಿತಗೊಂಡ’, ‘ಜಾಗರೂಕವಾದ’ ಎಂಬ ಪದಗಳ ಮುಂದೆ ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಹೀಗೆಂದು ತನ್ನ ಮನಸ್ಸಿಗೆ ತಾನು ಹೇಳಿಕೊಳ್ಳುವ ಕನ್ನಡಿಗರನ್ನು ನಾನು ಈವರೆಗೆ ನೋಡಿಲ್ಲ. ಪಕ್ಕದಲ್ಲಿದ್ದ ಹುಡುಗಿ, “ಮೇಡಂ, ಬೇಜಾರು ಅನ್ನೋದು ಇದರಲ್ಲಿ ಎಲ್ಲಿದೆ?” ಎಂದು ಕೇಳಿದಳು. ಎಲ್ಲಿಯೂ ಇರಲಿಲ್ಲ. ಕೆಲಸವಿಲ್ಲದೆ ಕೂತರೆ ಬೇಜಾರು, ಗೆಳತಿ ಮಾತು ಬಿಟ್ಟರೆ ಬೇಜಾರು, ಸಾವಿನ ಸುದ್ದಿ ಕೇಳಿದರೆ ಬೇಜಾರು, ಯಾರೋ ಆಡಿದ ಮಾತು ನಾಟಿದರೂ ಬೇಜಾರು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಅವರಂಥ ಸಂಶೋಧಕರು, ತನಗಾದದ್ದನ್ನು ನುಣ್ಣಗೆ ಬಿಡಿಸಿ ಹೆಸರಿಸಬಲ್ಲವರು ಅದನ್ನು ನಿಭಾಯಿಸುವುದರಲ್ಲೂ ಮುಂದಿರುತ್ತಾರೆ ಎನ್ನುತ್ತಾರೆ. ಹಾಗೆ ಹೆಸರಿಸಲು ಕಸಿವಿಸಿ, ಇರಿಸುಮುರಿಸು, ತಳಮಳ, ಕಳವಳ, ಅಳುಕು, ದುಗುಡ, ಬೇಗುದಿ, ಕಕ್ಕುಲಾತಿ, ಹುಸಿಮುನಿಸು ಎಂದು ನಮ್ಮಲ್ಲಿ ಪದಗಳಿಗೆ ಬರವಿಲ್ಲ. ನಮೂನೆಯಲ್ಲಿ ಅವುಗಳಿಗೆ ಜಾಗವಿರಲಿಲ್ಲ. ಇಂಥ ಪಟ್ಟಿಯಿಂದ ಆರು ವಾರ ಅಂಕಿ ಒಟ್ಟುಮಾಡಿ, ಕೊನೆಯ ದಿನ ‘ನಿಮ್ಮ ಸಕಾರಾತ್ಮಕ ಭಾವ ಏರಿಕೆಯಾಗಿದೆ’ ಎಂಬ ಕಂಬಚಿತ್ರವನ್ನು ಪ್ರಮಾಣಪತ್ರದ ಜತೆ ಕೈಗಿತ್ತರು.

ಹಣದ ಮಾತು ಹೇಳುವುದಾದರೆ, ಸಾಮಗ್ರಿ, ಚಹಾ, ತಿಂಡಿ ಎಲ್ಲ ಸೇರಿ ಶನಿವಾರಕ್ಕೆ 1,200 ರೂಪಾಯಿ ಬೀಳುತ್ತದೆ. ಅಭಿನಯ, ಮಣ್ಣು ಮತ್ತು ದೇಹನಕ್ಷೆಯ ಮೂರು ದಿನಗಳಿಗೆ ಅದು ದುಬಾರಿಯಲ್ಲ, ಉಳಿದ ಮೂರಕ್ಕೆ ದುಬಾರಿ. ಶಿಕ್ಷಕರು, ಶಾಲಾ ಆಪ್ತಸಮಾಲೋಚಕರು, ರಂಗದಲ್ಲಿ ಆಸಕ್ತಿ ಇರುವವರು ಹೋಗಬಹುದು. ಈಚೆಗೆ ದೊಡ್ಡ ನೋವು ಕಂಡವರು, ಅಥವಾ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಮೊದಲು ತಮ್ಮ ವೈದ್ಯರನ್ನೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞರನ್ನೋ ಕೇಳಿ ಮುಂದುವರಿಯುವುದು ಲೇಸು. ಹಣ ಕಟ್ಟುವ ಮುನ್ನ, ಬರೆದದ್ದನ್ನು ಓದಲೇಬೇಕೇ, ನಮ್ಮ ಚಿತ್ರಗಳ ಫೋಟೊಗಳನ್ನು ಎಲ್ಲಿ ಬಳಸುತ್ತೀರಿ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ನಾನು ಕೇಳಿರಲಿಲ್ಲ, ನನ್ನ ದೇಹನಕ್ಷೆ ಈಗ ಅವರ ಹೊಸ ಕರಪತ್ರದ ಮುಖಪುಟದಲ್ಲಿದೆ, ಹೆಸರಿಲ್ಲ ಎಂಬುದಷ್ಟೇ ಸಮಾಧಾನ.

ಇವೆಲ್ಲವನ್ನೂ ಮೂರು ಪುಟದ ಇಮೇಲ್ ಆಗಿ ಬರೆದು ಕಳಿಸಿದ್ದೆ. ವಾರದೊಳಗೆ ನಿರ್ವಾಹಕಿಯಿಂದ ಉತ್ತರ ಬಂತು. ಮುಂದಿನ ತಂಡದಿಂದ ಗಟ್ಟಿಯಾಗಿ ಓದಿಸುವುದನ್ನು ಕೈಬಿಡುವುದಾಗಿಯೂ, ಜಾಹೀರಾತಿನ ಶೇ 75ರ ಸಾಲನ್ನು ತಿದ್ದಿರುವುದಾಗಿಯೂ ತಿಳಿಸಿ, ನಮೂನೆಗೆ ಬಳಸಬಹುದಾದ ಕನ್ನಡ ಭಾವಪದಗಳ ಪಟ್ಟಿಯೊಂದನ್ನು ಕೊಡಲು ಸಾಧ್ಯವೇ ಎಂದು ಕೇಳಿದ್ದರು. ಅರ್ಥದ ವಿಂಗಡಣೆಯ ಬಗ್ಗೆ ಪುಸ್ತಕದ ವ್ಯಾಖ್ಯೆಗಳು ಬೇಡ, ಜನ ಆಡುವ ಒಂದೊಂದು ವಾಕ್ಯ ಸಾಕು ಎಂದೂ ಬರೆದಿದ್ದರು. ನನ್ನ ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು 34 ಪದಗಳ ಪಟ್ಟಿ ಸಿದ್ಧಪಡಿಸಿ ಕಳಿಸಿದ್ದೇನೆ. ಅದರಲ್ಲಿ ‘ಬೇಜಾರು’ ನಾಲ್ಕು ಸಲ ಬರುತ್ತದೆ, ನಾಲ್ಕು ವಾಕ್ಯಗಳೊಂದಿಗೆ.